ಕಿಡಿಗೇಡಿಯ ಹುಡುಕಾಟದಲ್ಲಿ ಸುಡುವ ಕಾಡು

ಫೆಬ್ರುವರಿ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಸಾಲುಗಟ್ಟುತ್ತದೆ. ಇಂಥ ಬೆಟ್ಟಕ್ಕೆ ಬೆಂಕಿ, ಇಷ್ಟು ಎಕರೆ ಭಸ್ಮ, ಕಿಡಿಗೇಡಿಗಳ ಕೃತ್ಯದ ಶಂಕೆ. ಮರುದಿನ ಹೇಳಿಕೆ ಬರುತ್ತದೆ, ಹಚ್ಚಿದವರನ್ನು ಬಿಡುವುದಿಲ್ಲ ಎಂದು. ಅದರ ಮರುದಿನ ಕಾಡಂಚಿನ ಹಾಡಿಯಿಂದಲೋ ಹಳ್ಳಿಯಿಂದಲೋ ಒಬ್ಬಿಬ್ಬರನ್ನು ಕರೆದೊಯ್ದು ವಿಚಾರಣೆ. ಬೇಸಿಗೆ ಮಳೆ ಬಿದ್ದು ಬೂದಿ ತೊಳೆದುಹೋದ ಮೇಲೆ ವಿಷಯ ಮುಗಿಯಿತು, ಮುಂದಿನ ಫೆಬ್ರುವರಿಯವರೆಗೆ.

ಇದರ ಹಿಂದೆ ಒಂದು ಗಟ್ಟಿ ನಂಬಿಕೆ ಇದೆ. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದಿಲ್ಲ, ಮನುಷ್ಯ ಹಚ್ಚುತ್ತಾನೆ. ಆದ್ದರಿಂದ ಹಚ್ಚುವವನನ್ನು ತಡೆದರೆ ಬೆಂಕಿ ನಿಲ್ಲುತ್ತದೆ. ಗಾಳಿ, ತೇವಾಂಶ, ತರಗೆಲೆ ಎಂದು ಲೆಕ್ಕ ಹಾಕುತ್ತ ಕೂರುವುದು ಅಮೆರಿಕ, ಆಸ್ಟ್ರೇಲಿಯಾದವರಿಗೆ ಸರಿ, ನಮಗೆ ಬೇಕಿಲ್ಲ. ಅಧಿಕಾರಿಗಳಷ್ಟೇ ಅಲ್ಲ, ಸುದ್ದಿವಾಹಿನಿಗಳು, ವನ್ಯಜೀವಿ ಪ್ರೇಮಿಗಳು, ಕಾಡನ್ನು ನಿಜವಾಗಿ ಹಚ್ಚಿಕೊಂಡ ಅನೇಕರು ಇದನ್ನೇ ಹೇಳುತ್ತಾರೆ. ಈ ವಾದದ ಮೊದಲ ಮಾತು ನಿಜ. ಎರಡನೆಯದು ಮೊದಲನೆಯದರಿಂದ ಹುಟ್ಟುವುದಿಲ್ಲ. ಮೂರನೆಯದು ಕಾಡನ್ನೂ ಕಾಡು ಕಾಯುವವರನ್ನೂ ಬಲಿ ತೆಗೆದುಕೊಳ್ಳುತ್ತಿದೆ.

ನಿಜವಾದದ್ದನ್ನು ಮೊದಲು ಒಪ್ಪಿಬಿಡೋಣ. ಬಿದಿರಿಗೆ ಬಿದಿರು ಉಜ್ಜಿ ಕಾಡು ಹೊತ್ತಿಕೊಳ್ಳುತ್ತದೆ ಎಂಬುದು ಬರೀ ಕಥೆ. ಸಿಡಿಲು ಬಡಿದು ಲಕ್ಷಾಂತರ ಎಕರೆ ಉರಿಯುವುದು ಕೆನಡಾ, ಸೈಬೀರಿಯಾಗಳ ಮಾತು. ನಮ್ಮಲ್ಲಿ ಸಿಡಿಲು ಬರುವುದು ಹೆಚ್ಚಾಗಿ ಏಪ್ರಿಲ್-ಮೇ ತಿಂಗಳ ಮಳೆಯ ಜೊತೆಗೆ. ಜನವರಿಯಿಂದ ಮಾರ್ಚ್‌ವರೆಗಿನ ಬೆಂಕಿ ಬಹುತೇಕ ಮನುಷ್ಯನದೇ. ಎಸೆದ ಬೀಡಿ, ಹುಲ್ಲು ಚಿಗುರಲೆಂದು ದನಗಾಹಿ ಇಟ್ಟ ಬೆಂಕಿ, ಜಮೀನಿನ ಕಸ ಸುಡುವಾಗ ಹಾರಿದ ಕಿಡಿ, ಜೇನು ಕೀಳುವವರ ದೊಂದಿ, ರಸ್ತೆ ಬದಿ ಅಡುಗೆ ಮಾಡಿ ಎದ್ದುಹೋದ ಪ್ರವಾಸಿಯ ಒಲೆ, ಒಂದಕ್ಕೊಂದು ತಾಗಿದ ವಿದ್ಯುತ್ ತಂತಿ, ಕೆಲವೊಮ್ಮೆ ಇಲಾಖೆಯ ಮೇಲಿನ ಸಿಟ್ಟು ಕೂಡ.

ಆದರೆ ಬೀಡಿ ಸೇದುವವನು ಫೆಬ್ರುವರಿಯಲ್ಲಿ ಮಾತ್ರ ಸೇದುವುದಿಲ್ಲ. ಅದೇ ದಾರಿಯಲ್ಲಿ ಅದೇ ತುಂಡು ನವೆಂಬರಿನಲ್ಲೂ ಬೀಳುತ್ತದೆ, ಡಿಸೆಂಬರಿನಲ್ಲೂ ಬೀಳುತ್ತದೆ. ಬಿದ್ದ ಕಿಡಿಗಳಲ್ಲಿ ಹೆಚ್ಚಿನವು ಬಿದ್ದಲ್ಲೇ ಸಾಯುತ್ತವೆ. ಕೆಲವು ನಾಲ್ಕಾರು ಗುಂಟೆ ಸುಟ್ಟು ಆರುತ್ತವೆ. ಯಾವುದೋ ಒಂದು ದಿನ ಅಂಥದೇ ಕಿಡಿ ಸಾವಿರಾರು ಎಕರೆ ನುಂಗುತ್ತದೆ. ಆ ದಿನಕ್ಕೂ ಉಳಿದ ದಿನಗಳಿಗೂ ಇರುವ ವ್ಯತ್ಯಾಸವನ್ನು ಹಚ್ಚಿದವನ ಮನಸ್ಸಿನಲ್ಲಿ ಹುಡುಕಿದರೆ ಸಿಗದು. ಅದು ಗಾಳಿಯಲ್ಲಿದೆ, ನೆಲದ ಮೇಲಿನ ತರಗಿನಲ್ಲಿದೆ, ಅಳೆಯಬಹುದಾದ ರೂಪದಲ್ಲಿದೆ. ಅಳೆಯಬಹುದಾದದ್ದನ್ನು ಅಳೆಯದೆ, ಸಿಗಲಾರದವನನ್ನು ಹುಡುಕುವುದೇ ನಮ್ಮ ಬೆಂಕಿ ನೀತಿಯಾಗಿದೆ ಎಂಬುದು ನನ್ನ ಆಕ್ಷೇಪ.

ಒಂದು ಒಣ ಎಲೆಯಿಂದ ಶುರುಮಾಡೋಣ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುವಂತೆ, ಸತ್ತ ಎಲೆ, ಹುಲ್ಲು, ಪುಳ್ಳೆಗಳೂ ಗಾಳಿಯಿಂದ ನೀರು ಹೀರುತ್ತವೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತವೆ. ಸಾಪೇಕ್ಷ ಆರ್ದ್ರತೆ ಶೇ 80ರ ಹತ್ತಿರ ಇದ್ದಾಗ ಒಣ ತರಗು ತನ್ನ ತೂಕದ ಶೇ 15ರ ಆಸುಪಾಸಿನಷ್ಟು ನೀರು ಹಿಡಿದಿರುತ್ತದೆ. ಆರ್ದ್ರತೆ ಶೇ 20ಕ್ಕೆ ಇಳಿದರೆ ಅದೇ ತರಗಿನಲ್ಲಿ ಉಳಿಯುವುದು ಶೇ 5ರಷ್ಟು. ಶೇ 25-30 ನೀರಿರುವ ತರಗಿನಲ್ಲಿ ಬೆಂಕಿ ಹರಡುವುದೇ ಕಷ್ಟ. ಶೇ 5ಕ್ಕೆ ಬಂದ ತರಗಿಗೆ ಒಂದು ಕೆಂಡ ಸಾಕು. ಹುಲ್ಲು, ತೆಳು ಪುಳ್ಳೆಗಳು ಒಂದೆರಡು ಗಂಟೆಯಲ್ಲೇ ಗಾಳಿಗೆ ತಕ್ಕಂತೆ ಬದಲಾಗುತ್ತವೆ. ತೋಳುಗಾತ್ರದ ಕೊಂಬೆಗೆ ದಿನಗಳು ಬೇಕು, ಬಿದ್ದ ದಿಮ್ಮಿಗೆ ವಾರಗಳು. ಹೀಗಾಗಿ ಕಾಡಿನ ನೆಲಕ್ಕೆ ಒಂದು ಬಗೆಯ ನೆನಪಿದೆ: ಇವತ್ತಿನ ಮಧ್ಯಾಹ್ನದ ನೆನಪು ಹುಲ್ಲಿನಲ್ಲಿ, ಕಳೆದ ಎರಡು ತಿಂಗಳ ನೆನಪು ದಿಮ್ಮಿಯಲ್ಲಿ.

ಇನ್ನು ಒಂದೇ ದಿನದೊಳಗಿನ ಏರಿಳಿತ. ಬೆಳಿಗ್ಗೆ 18 ಡಿಗ್ರಿಯಲ್ಲಿ ಶೇ 70 ಆರ್ದ್ರತೆ ಇದ್ದ ಗಾಳಿ, ಒಂದು ಹನಿ ನೀರನ್ನೂ ಕಳೆದುಕೊಳ್ಳದೆ, ಮಧ್ಯಾಹ್ನ 33 ಡಿಗ್ರಿಗೆ ಕಾಯ್ದರೆ ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುತ್ತದೆ. ಬೆಳಗಿನ ಇಬ್ಬನಿ ನೋಡಿ 'ಪರವಾಗಿಲ್ಲ, ತಂಪಿದೆ' ಎಂದುಕೊಂಡ ಅದೇ ಜಾಗ ಮೂರು ಗಂಟೆಗೆ ಸಿಡಿಯಲು ಕಾದಿರುತ್ತದೆ. ಆ ಹೊತ್ತಿಗೆ ಗಾಳಿಯೂ ಎದ್ದರೆ ಜ್ವಾಲೆ ಮುಂದಕ್ಕೆ ಬಾಗಿ, ಇನ್ನೂ ಹತ್ತದ ಹುಲ್ಲನ್ನು ಕಾಯಿಸಿ ಒಣಗಿಸುತ್ತ ಓಡುತ್ತದೆ. ಪೂರ್ತಿ ಒಣಗಿದ ಹುಲ್ಲುಗಾವಲಲ್ಲಿ ಬೆಂಕಿಯ ವೇಗ ಗಾಳಿಯ ವೇಗದ ಶೇ 20ರ ಹತ್ತಿರ ಎಂಬುದು ಆಸ್ಟ್ರೇಲಿಯಾದ ಸಂಶೋಧಕರು ಕೊಟ್ಟ ಸರಳ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬೆಂಕಿ ಗಂಟೆಗೆ ಆರು ಕಿಲೋಮೀಟರ್ ಓಡುತ್ತದೆ, ಬಿರುಸಾಗಿ ನಡೆಯುವವನಷ್ಟು ವೇಗವಾಗಿ. ನೆಲದ ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲ್ಮುಖವಾಗಿ ಓಡುವ ಬೆಂಕಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ನಮ್ಮ ಘಟ್ಟದ ಹುಲ್ಲುಗುಡ್ಡಗಳಲ್ಲಿ ಇಳಿಜಾರು ಎಷ್ಟಿರುತ್ತದೆ ಎಂದು ಹತ್ತಿದವರಿಗೆ ಗೊತ್ತು.

2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಬೆಂಕಿಗೆ ಸಿಕ್ಕಿ ಸತ್ತರು. ಆಗಲೂ ಚರ್ಚೆ ನಡೆದದ್ದು ಹಚ್ಚಿದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮಾರ್ಚ್ ತಿಂಗಳಲ್ಲಿ, ಆಳೆತ್ತರದ ಹುಲ್ಲು ಒಣಗಿ ನಿಂತ ಕಡಿದಾದ ಇಳಿಜಾರಿಗೆ ಮಧ್ಯಾಹ್ನದ ಹೊತ್ತು ಮನುಷ್ಯರು ಹೋಗಬಾರದು ಎಂದು ಹೇಳಲು ಅಪರಾಧಿ ಯಾರೆಂದು ತಿಳಿಯಬೇಕಿರಲಿಲ್ಲ. ಥರ್ಮಾಮೀಟರ್, ಆರ್ದ್ರತಾಮಾಪಕ, ಗಾಳಿಯ ಅಳತೆ, ಇಷ್ಟೇ ಸಾಕಿತ್ತು.

ಮರುವರ್ಷ ಬಂಡೀಪುರ. 2019ರ ಫೆಬ್ರುವರಿ 21ರ ಸುಮಾರಿಗೆ ಹೊತ್ತಿದ ಬೆಂಕಿ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ಸುತ್ತಮುತ್ತ ಐದು ದಿನ ಉರಿಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಉಪಗ್ರಹ ಚಿತ್ರಗಳ ಅಂದಾಜಿನಲ್ಲಿ ಸುಟ್ಟಿದ್ದು ಸುಮಾರು 4,400 ಹೆಕ್ಟೇರ್. ನಾಡಿಗೆ ನಾಡೇ ಕಿಡಿಗೇಡಿಗಳನ್ನು ಶಪಿಸಿತು. ಆ ಬೆಂಕಿಯ ನಡುವೆಯೇ, ಫೆಬ್ರುವರಿ 23ರಂದು, ಬಂಡೀಪುರದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿನ ಯಲಹಂಕದಲ್ಲಿ, ಏರೋ ಇಂಡಿಯಾ ಪ್ರದರ್ಶನದ ವಾಹನ ನಿಲುಗಡೆ ಬಯಲಿನ ಒಣ ಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟುಹೋದವು. ಒಂದು ಹುಲಿ ಕಾಡು, ಇನ್ನೊಂದು ಕಾರು ನಿಲ್ಲಿಸುವ ಮೈದಾನ. ಎರಡೂ ಕಡೆ ಒಣಹುಲ್ಲು, ಎರಡೂ ಕಡೆ ಬೀಸುಗಾಳಿ. ಈ ಎರಡನ್ನೂ ಒಟ್ಟಿಗಿಟ್ಟು ನೋಡುವ ಬುದ್ಧಿ ಆಗ ಎಷ್ಟು ಜನರಿಗೆ ಬಂತು? ಒಂದು ಸುದ್ದಿ ಅರಣ್ಯದ ಪುಟಕ್ಕೆ ಹೋಯಿತು, ಇನ್ನೊಂದು ಅಪಘಾತದ ಪುಟಕ್ಕೆ. ಒಂದೇ ವಾರದ ಹವೆ ಎರಡನ್ನೂ ಬೆಳೆಸಿತ್ತು ಎಂದು ಹೇಳಲು ಯಾವ ಪುಟದಲ್ಲೂ ಜಾಗವಿರಲಿಲ್ಲ.

ಅದಕ್ಕೂ ಹಿಂದಿನ ತಿಂಗಳುಗಳನ್ನು ನೋಡಿ. 2018ರ ಹಿಂಗಾರು ರಾಜ್ಯದಲ್ಲಿ ಕೈಕೊಟ್ಟಿತ್ತು. ಬಂಡೀಪುರ, ನಾಗರಹೊಳೆಗಳಲ್ಲಿ ಅದಕ್ಕೆ ಕೆಲವು ವರ್ಷ ಮೊದಲು ಬಿದಿರು ಸಾಮೂಹಿಕವಾಗಿ ಹೂ ಬಿಟ್ಟು ಸತ್ತು, ಮೆಳೆ ಮೆಳೆಯೇ ಒಣಗಿ ನಿಂತಿತ್ತು. ಅದರ ನಡುವೆಲ್ಲ ಲಂಟಾನ ಪೊದೆ. ತೇಗ, ದಿಂಡಿಲು ಎಲೆ ಉದುರಿಸಿ ನೆಲ ಮುಚ್ಚಿದ್ದವು. ಇಷ್ಟೂ ಕಣ್ಣಿಗೆ ಕಾಣುತ್ತಿದ್ದ ಸಂಗತಿಗಳು. ಇವನ್ನು ಕೂಡಿಸಿ 'ಈ ಫೆಬ್ರುವರಿ ಮಾಮೂಲಿನದಲ್ಲ' ಎಂದು ಡಿಸೆಂಬರಿನಲ್ಲೇ ಹೇಳಬಹುದಿತ್ತು. ಯಾವ ದಿನ ಎಂದು ಮೂರು ದಿನ ಮೊದಲೇ ಹೇಳಬಹುದಿತ್ತು. ಹಚ್ಚುವವನ ಹೆಸರನ್ನು ಮಾತ್ರ ಯಾರೂ ಮುಂಚಿತವಾಗಿ ಹೇಳಲಾರರು. ನಾವು ಪಟ್ಟು ಹಿಡಿದು ಕೂತಿರುವುದು ಅದೊಂದಕ್ಕೇ.

'ಉಪಗ್ರಹ ಇದೆಯಲ್ಲ' ಎಂಬ ಉತ್ತರ ಈಗ ಸಿದ್ಧವಾಗಿರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹ ಆಧಾರಿತ ಬೆಂಕಿ ಸೂಚನೆಗಳನ್ನು ಕೊಡುತ್ತಿದೆ, ಇಂದು ಅದು ಅರಣ್ಯ ಗಾರ್ಡ್‌ನ ಮೊಬೈಲಿಗೇ ಬರುತ್ತದೆ. ಒಳ್ಳೆಯ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದು ಹತ್ತಿದ ಬೆಂಕಿಯ ಸುದ್ದಿ, ಹತ್ತಲಿರುವುದರದಲ್ಲ. ಇದಕ್ಕೆ ಬಳಸುವ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ನಮ್ಮ ನೆತ್ತಿಯ ಮೇಲೆ ಹಾಯುವುದು ಸ್ಥೂಲವಾಗಿ ಬೆಳಿಗ್ಗೆ ಹತ್ತೂವರೆ, ಮಧ್ಯಾಹ್ನ ಒಂದೂವರೆ, ಮತ್ತೆ ರಾತ್ರಿ ಅದೇ ಹೊತ್ತುಗಳ ಸುಮಾರಿಗೆ. ಮಧ್ಯಾಹ್ನ ಎರಡೂವರೆಗೆ ಹತ್ತಿದ ಬೆಂಕಿಗೆ, ಅಂದರೆ ದಿನದ ಅತಿ ಕೆಟ್ಟ ಹೊತ್ತಿನಲ್ಲಿ ಹತ್ತಿದ ಬೆಂಕಿಗೆ, ರಾತ್ರಿಯವರೆಗೆ ಮೇಲಿನಿಂದ ಸಾಕ್ಷಿಯಿರುವುದಿಲ್ಲ. ಗಂಟೆಗೆ ಆರು ಕಿಲೋಮೀಟರ್ ಓಡುವ ಬೆಂಕಿ ಅಷ್ಟರಲ್ಲಿ ಎಲ್ಲಿಗೆ ಮುಟ್ಟಿರುತ್ತದೆ ಎಂದು ಬಿಡಿಸಿ ಹೇಳಬೇಕೆ? ಭೂಸ್ಥಿರ ಉಪಗ್ರಹಗಳು ಅರ್ಧಗಂಟೆಗೊಮ್ಮೆ ನೋಡುತ್ತವೆ ನಿಜ, ಅವುಗಳ ಚಿತ್ರದ ಒಂದೊಂದು ಚುಕ್ಕೆ ಕಿಲೋಮೀಟರುಗಳಷ್ಟು ಅಗಲ. ಸಣ್ಣ ಬೆಂಕಿ ಅದರಲ್ಲಿ ಅಡಗಿಹೋಗುತ್ತದೆ. ಅದೇ ಸಂಸ್ಥೆ ಹವೆಯನ್ನು ಆಧರಿಸಿದ ಮುನ್ನೆಚ್ಚರಿಕೆಯನ್ನೂ ಈಚಿನ ವರ್ಷಗಳಲ್ಲಿ ಪ್ರಕಟಿಸುತ್ತಿದೆ. ಬೆಂಕಿ ಬಿದ್ದಾಗ ಅದರ ಹೆಸರೆತ್ತುವವರನ್ನು ನಾನು ಕಂಡಿಲ್ಲ.

ಹೊರಗಿನ ಅನುಭವ ನಮಗೇಕೆ ಎನ್ನುವವರಿಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಒಂದೇ ದಿನವನ್ನು ಮುಂದಿಡುತ್ತೇನೆ. 2009ರ ಫೆಬ್ರುವರಿ 7. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಸೆಕೆ, ಒಣಗಾಳಿ. ಆ ದಿನ ಸತ್ತವರು 173 ಜನ. ಅವರಲ್ಲಿ 119 ಮಂದಿಯನ್ನು ಕೊಂದ ಕಿಲ್‌ಮೋರ್ ಈಸ್ಟ್ ಬೆಂಕಿ ಹುಟ್ಟಿದ್ದು ಹರಿದುಬಿದ್ದ ವಿದ್ಯುತ್ ತಂತಿಯಿಂದ. ಅದೇ ದಿನ ಚರ್ಚಿಲ್ ಊರಿನ ಬಳಿಯ ಬೆಂಕಿಯನ್ನು ಒಬ್ಬ ಬೇಕೆಂದೇ ಹಚ್ಚಿದ್ದ. ಕಾರಣಗಳು ಬೇರೆಬೇರೆ, ಹವೆ ಒಂದೇ. ಅಲ್ಲಿ ಹವೆಯ ಮುನ್ಸೂಚನೆ ಸರಿಯಾಗಿಯೇ ಇತ್ತು. ರಾಜ್ಯದ ಮುಖ್ಯಸ್ಥರು ಹಿಂದಿನ ದಿನವೇ ಜನರನ್ನು ಎಚ್ಚರಿಸಿದ್ದರು. ಎಡವಿದ್ದು ಮುನ್ಸೂಚನೆಯಿಂದ ಮನೆಬಾಗಿಲವರೆಗಿನ ದಾರಿಯಲ್ಲಿ. ಅವರು ಅದನ್ನು ತಿದ್ದಿದರು: ಅಪಾಯದ ಮೆಟ್ಟಿಲುಗಳಿಗೆ ಇನ್ನೊಂದನ್ನು ಸೇರಿಸಿ, ಆ ಮಟ್ಟ ಘೋಷಣೆಯಾದರೆ ಬೆಂಕಿ ಕಾಣುವ ಮೊದಲೇ ಊರು ಬಿಡಿ ಎಂದರು. ತಂತಿಯ ಕಂಪನಿಯನ್ನೂ ನ್ಯಾಯಾಲಯಕ್ಕೆ ಎಳೆದರು, ಹಚ್ಚಿದವನನ್ನೂ ಜೈಲಿಗೆ ಹಾಕಿದರು. ಅಪರಾಧದ ವಿಚಾರಣೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ಬೆಂಕಿ ತಡೆಯುವ ವಿಧಾನ ಎಂದು ನಂಬಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ನಾವು ತಲೆಕೆಡಿಸಿಕೊಳ್ಳಬೇಕಾದ ಇನ್ನೊಂದು ಊರು ಹವಾಯಿಯ ಲಹೈನಾ. 2023ರ ಆಗಸ್ಟಿನಲ್ಲಿ ಸುಮಾರು ನೂರು ಜನ ಸತ್ತ ಬೆಂಕಿ ಅದು. ಕಬ್ಬು, ಅನಾನಸ್ ತೋಟಗಳು ಮುಚ್ಚಿದ ಮೇಲೆ ಪಾಳುಬಿದ್ದ ನೆಲಕ್ಕೆ ಹೊರನಾಡಿನ ಹುಲ್ಲು ಹಬ್ಬಿತ್ತು. ಮಳೆಗೆ ಆಳೆತ್ತರ ಬೆಳೆದು, ಬೇಸಿಗೆಗೆ ಒಣಗಿ ನಿಲ್ಲುವ ಹುಲ್ಲು. ನಮ್ಮಲ್ಲಿ ಆ ಕೆಲಸವನ್ನು ಲಂಟಾನ ಮಾಡುತ್ತಿದೆ. ದೇಶದ ಹುಲಿ ನೆಲೆಗಳಲ್ಲಿ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಅದು ಹಬ್ಬಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನೆಲದ ತರಗಿಗೆ ಬಿದ್ದ ಬೆಂಕಿ ಮೊಣಕಾಲೆತ್ತರದಲ್ಲಿ ಸಾಗಿ ಹೋಗಬೇಕಾದ್ದು, ಲಂಟಾನದ ಒಣಕಡ್ಡಿಗಳನ್ನು ಹಿಡಿದು ಮರದ ಕೊಂಬೆಗೆ ಏರುತ್ತದೆ.

ಮುನ್ಸೂಚನೆಯ ವಿರುದ್ಧ ಇರುವ ಆಕ್ಷೇಪಗಳಲ್ಲಿ ನಾನು ಗೌರವಿಸುವುದು ಒಂದನ್ನು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬೆಂಕಿ ಹವೆ ಸೂಚ್ಯಂಕ ಕೆನಡಾದ್ದು, 1970ರಲ್ಲಿ ಬಂದದ್ದು. ಮಧ್ಯಾಹ್ನದ ಉಷ್ಣತೆ, ಆರ್ದ್ರತೆ, ಗಾಳಿಯ ವೇಗ, ಹಿಂದಿನ 24 ಗಂಟೆಗಳ ಮಳೆ, ಈ ನಾಲ್ಕೇ ಅಂಕಿಗಳಿಂದ ತರಗು, ಅದರಡಿಯ ಪದರ, ಆಳದ ಪದರಗಳ ಒಣಗುವಿಕೆಯನ್ನು ಅದು ದಿನದಿನಕ್ಕೆ ಲೆಕ್ಕವಿಡುತ್ತದೆ. ಅದನ್ನು ಕಟ್ಟಿದ್ದು ಪೈನ್ ಕಾಡಿನ ನೆಲಕ್ಕೆ. ಮುದುಡಿ ಗಾಳಿ ತುಂಬಿಕೊಂಡ ತೇಗದ ಎಲೆ, ಎಣ್ಣೆಯಂಶದ ಲಂಟಾನ, ಶೋಲಾ ಕಾಡಿನಂಚಿನ ಹುಲ್ಲು, ಸತ್ತ ಬಿದಿರು, ಇವು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಕೆನಡಾದ ಅಂಕಿಯನ್ನು ಹಾಗೇ ಚಾಮರಾಜನಗರಕ್ಕೆ ಅಂಟಿಸಿದರೆ ಕೆಲಸವಾಗದು. ಇದು ಸರಿಯಾದ ಮಾತು. ಇದರ ಅರ್ಥ ಲೆಕ್ಕ ಬೇಡ ಎಂದಲ್ಲ, ನಮ್ಮ ಲೆಕ್ಕ ನಾವು ಮಾಡಬೇಕು ಎಂದು. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದು ಹಿಡಿ ತರಗು, ಒಂದು ಹಿಡಿ ಹುಲ್ಲು, ಒಂದು ಹಿಡಿ ಲಂಟಾನ ಕಡ್ಡಿ ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿದರೆ ಅವುಗಳೊಳಗಿನ ನೀರು ಎಷ್ಟೆಂದು ತಿಳಿಯುತ್ತದೆ. ಪ್ರತಿ ವಲಯದಲ್ಲೂ ಇದು ಸಾಧ್ಯ. ಬೇಕಿರುವುದು ಒಂದು ತಕ್ಕಡಿ, ಒಂದು ಪುಸ್ತಕ, ಐದು ವರ್ಷ ಬಿಡದೆ ಬರೆಯುವ ಶಿಸ್ತು.

'ಮುನ್ಸೂಚನೆ ಸುಳ್ಳಾದರೆ ಜನ ನಂಬುವುದಿಲ್ಲ' ಎಂಬ ಇನ್ನೊಂದು ಮಾತಿಗೆ ಹೆಚ್ಚು ಉತ್ತರ ಬೇಡ. ಮಳೆಯ ಮುನ್ಸೂಚನೆಯೂ ತಪ್ಪುತ್ತದೆ. ಅದನ್ನು ನಿಲ್ಲಿಸಿ ಎಂದು ಯಾವ ರೈತನೂ ಕೇಳಿಲ್ಲ.

ನಮ್ಮ ನೆಲದಲ್ಲೇ ಈ ಲೆಕ್ಕ ಬಲ್ಲವರಿದ್ದರು, ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ, ತರಗಿನಡಿ ಇನ್ನೂ ತಂಪಿರುವಾಗ, ತರಗು ಬೆಂಕಿ ಇಡುತ್ತಿದ್ದರು. ಜ್ವಾಲೆ ತಗ್ಗಾಗಿ ಸಾಗಿ, ಎಲೆ ಸುಟ್ಟು, ಮರಗಳನ್ನು ಉಳಿಸಿ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ, 1974ರ ಅಭಯಾರಣ್ಯ ಘೋಷಣೆಗಳ ಬಳಿಕ ಅದು ಅಪರಾಧವಾಯಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಅವರೊಂದಿಗೆ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳು ಅದನ್ನು ಗಂಭೀರವಾಗಿ ದಾಖಲಿಸಿದ್ದಾರೆ. ಲಂಟಾನಕ್ಕೆ ಅದೊಂದೇ ಕಾರಣವೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಆದರೆ ಯಾವ ದಿನದ ಬೆಂಕಿ ಸೌಮ್ಯ, ಯಾವ ದಿನದ್ದು ಕ್ರೂರ ಎಂದು ನೆಲ ಮುಟ್ಟಿ ಹೇಳಬಲ್ಲ ಜನರನ್ನೇ ನಾವು ಶಂಕಿತರ ಪಟ್ಟಿಯ ತಲೆಗೆ ಇಟ್ಟಿದ್ದೇವೆ. ಕಿಡಿಗೇಡಿ ಸಿದ್ಧಾಂತದ ಅತಿ ದೊಡ್ಡ ನಷ್ಟ ಇದು. ಹೊಗೆ ಕಂಡಾಗ ಮೊದಲು ಓಡಿಬರಬೇಕಾದವನು, ಅಲ್ಲಿ ಕಾಣಿಸಿಕೊಂಡರೆ ತನ್ನ ಮೇಲೇ ಕೇಸು ಬೀಳುತ್ತದೆಂದು ಮನೆಯೊಳಗೆ ಉಳಿಯುತ್ತಾನೆ.

ಇನ್ನು ಗಾರ್ಡ್, ವಾಚರುಗಳು. ಬೇಸಿಗೆಗೆಂದು ದಿನಗೂಲಿಗೆ ತೆಗೆದುಕೊಂಡ ಬೆಂಕಿ ಕಾವಲುಗಾರರ ಕೈಯಲ್ಲಿ ಇವತ್ತಿಗೂ ಇರುವುದು ಬಹುಪಾಲು ಹಸಿಸೊಪ್ಪು. ಸೊಪ್ಪಿನಿಂದಲೋ ಕೈ ಉಪಕರಣದಿಂದಲೋ ಎದುರಿಸಬಹುದಾದ ಜ್ವಾಲೆಯ ಎತ್ತರ ಸುಮಾರು ನಾಲ್ಕು ಅಡಿ. ಅದಕ್ಕಿಂತ ಮೇಲೆದ್ದರೆ ಮುಂದೆ ನಿಲ್ಲುವುದೇ ಸಾವು. ಜ್ವಾಲೆ ನಾಲ್ಕು ಅಡಿ ದಾಟುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದೇ ಗಾಳಿ, ಅದೇ ಆರ್ದ್ರತೆ, ಅದೇ ಒಣ ಗಿಡ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಯುವ ಅರಣ್ಯ ರಕ್ಷಕ ಬೆಂಕಿಗೆ ಸಿಕ್ಕಿ ಸತ್ತ. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಇನ್ನೊಬ್ಬ. ಆ 2023ರ ಫೆಬ್ರುವರಿ, ಗರಿಷ್ಠ ಉಷ್ಣತೆಯ ಸರಾಸರಿಯಲ್ಲಿ, 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿ ಫೆಬ್ರುವರಿ. ಅದರ ಬೆನ್ನಿಗೇ ಮಾರ್ಚ್ ಮೊದಲ ವಾರದಲ್ಲಿ ಗೋವಾದ ಮಹದಾಯಿ ಅಭಯಾರಣ್ಯ ಹೊತ್ತಿ ಉರಿದು, ಅಲ್ಲೂ ಹೆಲಿಕಾಪ್ಟರ್ ಬಂತು, ಅಲ್ಲೂ ಹಚ್ಚಿದವರು ಯಾರೆಂಬ ವಾಗ್ವಾದ ನಡೆಯಿತು.

ನಮ್ಮ ರಾಜ್ಯ ಈ ಕೆಲಸಕ್ಕೆ ಬರಿಗೈಯಲ್ಲಿಲ್ಲ, ಅದೇ ನನ್ನನ್ನು ಕೆರಳಿಸುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಉಷ್ಣತೆ, ಆರ್ದ್ರತೆ, ಗಾಳಿ ಅಳೆಯುವ ಕೇಂದ್ರಗಳನ್ನೂ ನಡೆಸುತ್ತದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಇರುವ ರಾಜ್ಯಗಳು ಕಡಿಮೆ. ಕಾಡೊಳಗಿನ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಇನ್ನಷ್ಟು ಉಪಕರಣ ಇಡಬಹುದು. ಜನವರಿಯಿಂದ ಮೇವರೆಗೆ ಪ್ರತಿ ಸಂಜೆ, ನಾಳೆಯ ಬೆಂಕಿ ಅಪಾಯ ಯಾವ ವಲಯದಲ್ಲಿ ಎಷ್ಟು ಎಂದು ಕನ್ನಡದಲ್ಲಿ, ಗಾರ್ಡ್‌ಗೂ ಗ್ರಾಮ ಪಂಚಾಯಿತಿಗೂ ಒಟ್ಟಿಗೆ ತಲುಪಬೇಕು. ಅಪಾಯ ಅತಿ ಹೆಚ್ಚು ಎಂದಾದ ದಿನ ಏನೇನು ಆಗಬೇಕೆಂಬುದು ಮೊದಲೇ ಬರೆದಿಟ್ಟಿರಬೇಕು: ಚಾರಣ ಬಂದ್, ಜಮೀನಿನಲ್ಲಿ ಕಸ ಸುಡುವಂತಿಲ್ಲ, ಕಾಡಂಚಿನ ಹಳೆಯ ತಂತಿಗಳಲ್ಲಿ ಮಧ್ಯಾಹ್ನ ವಿದ್ಯುತ್ ಕಡಿತ, ಕಾವಲುಗಾರರೆಲ್ಲ ಹನ್ನೊಂದು ಗಂಟೆಗೆ ಮೊದಲೇ ತಮ್ಮ ಜಾಗದಲ್ಲಿ, ನೀರಿನ ಟ್ಯಾಂಕರ್ ರಸ್ತೆಗೆ ಮುಖಮಾಡಿ. ಬೆಂಕಿ ದಾಟದಂತೆ ಮುಂಚಿತವಾಗಿ ಬೆಂಕಿ ರೇಖೆ ಸುಡುವುದಕ್ಕೂ ಇದೇ ಲೆಕ್ಕ ಬೇಕು, ಹತ್ತುವಷ್ಟು ಒಣಗಿರುವ, ತಪ್ಪಿಸಿಕೊಂಡು ಓಡಲಾರದಷ್ಟು ತಂಪಿರುವ ದಿನಗಳನ್ನು ಆರಿಸಲು. ಸೋಲಿಗರನ್ನೂ ಜೇನುಕುರುಬರನ್ನೂ ಆ ದಿನಗಳನ್ನು ಆರಿಸುವ ಸಭೆಗೆ ಕರೆಯಬೇಕು, ಕೂಲಿಗೆಂದಲ್ಲ, ಅಭಿಪ್ರಾಯಕ್ಕೆಂದು.

ಬೆಂಕಿ ಆರಿದ ಮೇಲೆ ಬರೆಯುವ ಪ್ರತಿ ವರದಿಯಲ್ಲೂ, ಆರೋಪಿಯ ಹೆಸರು ಬರೆಯುವ ಮೊದಲು, ಆ ಮಧ್ಯಾಹ್ನದ ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕು, ತರಗಿನ ತೇವ, ಕೊನೆಯ ಮಳೆ ಬಿದ್ದ ದಿನಾಂಕ ಇರಬೇಕು. ಹಿಂದಿನ ಸಂಜೆ ಯಾವ ಎಚ್ಚರಿಕೆ ಹೋಗಿತ್ತು, ಅದು ಯಾರನ್ನು ತಲುಪಿತು, ಅವರು ಏನು ಮಾಡಿದರು ಎಂಬುದೂ ಇರಬೇಕು. ಈ ಅಂಕಿಗಳಿಲ್ಲದ ವರದಿಯನ್ನು ಮೇಲಧಿಕಾರಿ ಹಿಂದಕ್ಕೆ ಕಳಿಸಲಿ, ಶಾಸಕರು ಸದನದಲ್ಲಿ ಕೇಳಲಿ, ಸುದ್ದಿ ಬರೆಯುವವರು ಕಿಡಿಗೇಡಿ ಎಂಬ ಶಬ್ದ ಬರೆಯುವ ಮುನ್ನ ಕೇಳಲಿ.